1908ರ 25 ಫೆನ್ನಿಗ್: ಜರ್ಮನಿಯ ‘ಪ್ರೋಬೆ’ ನಾಣ್ಯವನ್ನು ಪರೀಕ್ಷಿಸುವ ಬಗೆ

“ನನ್ನ ಬಳಿ ಜರ್ಮನಿಯ 25 ಫೆನ್ನಿಗ್ ನಾಣ್ಯವಿದೆ, ಅದರ ಮೇಲೆ 1908 ಎಂದಿದೆ, ಆದರೆ ಕ್ಯಾಟಲಾಗಿನಲ್ಲಿ ಆ ಇಸವಿಯೇ ಇಲ್ಲ. ಇದು ಅಪರೂಪದ್ದೋ, ನಕಲಿಯೋ?” ಈ ಪ್ರಶ್ನೆ ವರ್ಷಕ್ಕೆ ಹಲವು ಸಲ ನನಗೆ ಬರುತ್ತದೆ. ಕೇಳುವವರಲ್ಲಿ ಕೆಲವರಿಗೆ ಅಜ್ಜನ ಪೆಟ್ಟಿಗೆಯಲ್ಲಿ ನಾಣ್ಯ ಸಿಕ್ಕಿರುತ್ತದೆ, ಕೆಲವರು ಆನ್‌ಲೈನ್ ಹರಾಜಿನಲ್ಲಿ ಅದನ್ನು ಕೊಳ್ಳುವ ಹೊಸ್ತಿಲಲ್ಲಿರುತ್ತಾರೆ, ಇನ್ನು ಕೆಲವರು ಮ್ಯೂನಿಕ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಕೆಲಸದಲ್ಲಿದ್ದು ಭಾನುವಾರದ ಹಳೆಯ ಸಾಮಾನಿನ ಸಂತೆಯಲ್ಲಿ ಅದನ್ನು ಕಂಡಿರುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಪರೀಕ್ಷೆಯ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಪದದ ಅರ್ಥವನ್ನು ತಿಳಿದುಕೊಳ್ಳೋಣ. ಜರ್ಮನ್ ಭಾಷೆಯಲ್ಲಿ ‘ಪ್ರೋಬೆ’ ಎಂದರೆ ಮಾದರಿ, ಪರೀಕ್ಷೆ. ಹೊಸ ನಾಣ್ಯವನ್ನು ಚಲಾವಣೆಗೆ ತರುವ ಮೊದಲು ಟಂಕಸಾಲೆಯು ಅದರ ವಿನ್ಯಾಸ, ಲೋಹ, ಗಾತ್ರ ಹೇಗೆ ಕಾಣುತ್ತವೆ ಎಂದು ನೋಡಲು ಕೆಲವೇ ಕೆಲವು ನಾಣ್ಯಗಳನ್ನು ಟಂಕಿಸುತ್ತದೆ. ಅವುಗಳಲ್ಲಿ ಒಂದು ಒಪ್ಪಿಗೆಯಾಗುತ್ತದೆ, ಉಳಿದವು ಕಪಾಟು ಸೇರುತ್ತವೆ ಅಥವಾ ಕರಗುತ್ತವೆ, ಬೆರಳೆಣಿಕೆಯಷ್ಟು ಹೇಗೋ ಹೊರಬಂದು ಸಂಗ್ರಾಹಕರ ಕೈ ಸೇರುತ್ತವೆ. ಕನ್ನಡದಲ್ಲಿ ಇದನ್ನು ‘ಮಾದರಿ ನಾಣ್ಯ’ ಎನ್ನಬಹುದು. ಆದರೆ ಹರಾಜಿನ ಪಟ್ಟಿಗಳಲ್ಲಿ ನಿಮಗೆ ಸಿಗುವುದು ಪ್ರೋಬೆ ಎಂಬ ಪದವೇ ಆದ್ದರಿಂದ ಅದನ್ನೇ ಇಲ್ಲಿ ಬಳಸುತ್ತೇನೆ.

25 ಫೆನ್ನಿಗ್‌ನ ಹಿನ್ನೆಲೆ ಸಣ್ಣದು, ಆದರೆ ಪರೀಕ್ಷೆಗೆ ಅದು ಬೇಕಾಗುತ್ತದೆ. ಜರ್ಮನ್ ಸಾಮ್ರಾಜ್ಯದಲ್ಲಿ 1 ಮಾರ್ಕ್‌ಗೆ 100 ಫೆನ್ನಿಗ್. 10 ಫೆನ್ನಿಗ್‌ಗೂ 50 ಫೆನ್ನಿಗ್‌ಗೂ ನಡುವೆ ಒಂದು ನಾಣ್ಯ ಬೇಕೆಂದು ಸರ್ಕಾರ ಮೊದಲು 20 ಫೆನ್ನಿಗ್‌ನ ಬೆಳ್ಳಿಯ ನಾಣ್ಯವನ್ನು ತಂದಿತು. ಅದರ ಅಗಲ 16 ಮಿಲಿಮೀಟರ್, ತೂಕ 1 ಗ್ರಾಂಗಿಂತ ತುಸು ಹೆಚ್ಚು. ಬೆರಳ ಸಂದಿಯಲ್ಲಿ ಜಾರಿ ಕಳೆದುಹೋಗುವಷ್ಟು ಪುಟ್ಟದು. 1887ರಿಂದ ಅದೇ ಬೆಲೆಯ ನಾಣ್ಯವನ್ನು ತಾಮ್ರ ಮತ್ತು ನಿಕಲ್‌ನ ಮಿಶ್ರಲೋಹದಲ್ಲಿ ತಂದರು. ಅದೂ ಜನರಿಗೆ ಒಗ್ಗಲಿಲ್ಲ. ಕೊನೆಗೆ 1908ರಲ್ಲಿ 25 ಫೆನ್ನಿಗ್‌ಗೆ ಕಾನೂನಿನ ಒಪ್ಪಿಗೆ ದೊರೆಯಿತು. ಚಲಾವಣೆಯ ನಾಣ್ಯಗಳ ಮೇಲೆ ಕಾಣುವ ಇಸವಿಗಳು 1909ರಿಂದ 1912ರವರೆಗಿನವು ಮಾತ್ರ. ಇದನ್ನೂ ಜನ ಮೆಚ್ಚದೆ ಟಂಕಿಸುವುದನ್ನು ಅಲ್ಲಿಗೆ ನಿಲ್ಲಿಸಲಾಯಿತು. ಇಷ್ಟು ಅಲ್ಪಾಯುಷಿಯಾದ ನಾಣ್ಯಕ್ಕೆ 1908 ಮತ್ತು 1909ರಲ್ಲಿ ತಯಾರಾದ ಮಾದರಿಗಳ ಸಾಲು ಮಾತ್ರ ಬಹಳ ಉದ್ದ. ಸಂಗ್ರಾಹಕರ ಆಸಕ್ತಿ ಇರುವುದು ಅಲ್ಲಿ. ನಾಣ್ಯಕ್ಕಿಂತ ಅದರ ತಾಲೀಮೇ ಹೆಚ್ಚು ಸ್ವಾರಸ್ಯಕರವಾದ ಪ್ರಸಂಗ ಇದು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. 0.01 ಗ್ರಾಂವರೆಗೆ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಗಡಿಯಾರ ರಿಪೇರಿಯವರು ಕಣ್ಣಿಗೆ ಕಚ್ಚಿಸಿಕೊಳ್ಳುವಂಥದ್ದು ಸಾಕು), ಒಂದು ಅಯಸ್ಕಾಂತ, ಟೇಬಲ್ ಲ್ಯಾಂಪ್, ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ವಾಟರ್, ಹೊಲಿಗೆಯ ತೆಳುದಾರ ಮತ್ತು ಮೊಬೈಲ್ ಕ್ಯಾಮೆರಾ. ಟೇಬಲ್ ಮೇಲೆ ದಪ್ಪ ಬಟ್ಟೆಯನ್ನು ಹಾಸಿಕೊಳ್ಳಿ. ನಾಣ್ಯ ಕೈತಪ್ಪಿ ಗ್ರಾನೈಟ್ ನೆಲಕ್ಕೆ ಬಿದ್ದರೆ ಅಂಚಿನ ಮೇಲೆ ಬೀಳುವ ಪೆಟ್ಟು ಅಳಿಸುವಂಥದ್ದಲ್ಲ.

ಹಂತ 1: ನಾಣ್ಯವನ್ನು ಇದ್ದ ಹಾಗೆಯೇ ಬಿಡಿ

ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಈ ಹಂತದಲ್ಲಿಯೇ. ದೇವರ ಮನೆಯ ಬೆಳ್ಳಿ ದೀಪವನ್ನು ವಿಭೂತಿಯಿಂದ ತಿಕ್ಕುವ ಅಭ್ಯಾಸ, ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ಉಜ್ಜುವ ಅಭ್ಯಾಸ ನಮ್ಮ ಕೈಗಳಲ್ಲಿ ಎಷ್ಟು ಸಹಜವಾಗಿ ಬೆರೆತಿವೆಯೆಂದರೆ, ಹಳೆಯ ನಾಣ್ಯ ಕಂಡ ತಕ್ಷಣ ಅದನ್ನು ಹೊಳೆಯಿಸಬೇಕೆಂದು ತೋರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ವಿಭೂತಿಯ ಕಣಗಳು ನಾಣ್ಯದ ಸಮತಲದ ಮೇಲೆ ಬಿಡುವ ಕೂದಲೆಳೆಯ ಗೀರುಗಳು ಭೂತಗನ್ನಡಿಯಲ್ಲಿ ಉಳುಮೆ ಮಾಡಿದ ಹೊಲದ ಸಾಲುಗಳಂತೆ ಕಾಣುತ್ತವೆ, ಮತ್ತು ಅಂಥ ನಾಣ್ಯದ ಬೆಲೆ ಅಸಲಿಯಾಗಿದ್ದರೂ ಗಣನೀಯವಾಗಿ ಕುಸಿಯುತ್ತದೆ.

ಇನ್ನೊಂದು ಎಚ್ಚರಿಕೆ: ಪರಿಚಯದ ಅಕ್ಕಸಾಲಿಗರ ಬಳಿಗೆ ಒಯ್ದು ಒರೆಗಲ್ಲಿಗೆ ಉಜ್ಜಿಸಬೇಡಿ. ಅವರ ಪರೀಕ್ಷೆ ಒಡವೆಯ ಲೋಹಕ್ಕೆ ಸರಿಯಾದದ್ದೇ, ಆದರೆ ನಾಣ್ಯದ ಅಂಚಿನ ಒಂದು ಭಾಗವನ್ನು ಸವೆಸಿಯೇ ಅದು ಉತ್ತರ ಹೇಳುತ್ತದೆ. ನಾಣ್ಯವನ್ನು ಯಾವಾಗಲೂ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಂಚಿನಲ್ಲಿ ಮಾತ್ರ ಹಿಡಿಯಿರಿ. ಪರೀಕ್ಷೆಗೆ ಮೊದಲು ಎರಡೂ ಬದಿಗಳ ಮತ್ತು ಅಂಚಿನ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 2: ಬರಹವನ್ನು ಓದಿ, ಟಂಕಸಾಲೆಯ ಅಕ್ಷರವನ್ನು ಹುಡುಕಿ

ಬೆಲೆ, ಇಸವಿ ಮತ್ತು ಟಂಕಸಾಲೆಯ ಗುರುತು, ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಜರ್ಮನ್ ಸಾಮ್ರಾಜ್ಯದ ನಾಣ್ಯಗಳಲ್ಲಿ ಒಂದೊಂದು ಟಂಕಸಾಲೆಗೂ ಒಂದೊಂದು ರೋಮನ್ ಅಕ್ಷರವಿತ್ತು: ‘ಎ’ ಎಂದರೆ ಬರ್ಲಿನ್, ‘ಡಿ’ ಎಂದರೆ ಮ್ಯೂನಿಕ್, ‘ಎಫ್’ ಎಂದರೆ ಸ್ಟುಟ್‌ಗಾರ್ಟ್, ‘ಜಿ’ ಎಂದರೆ ಕಾರ್ಲ್ಸ್‌ರೂಹೆ, ‘ಜೆ’ ಎಂದರೆ ಹ್ಯಾಂಬರ್ಗ್. ‘ಇ’ ಅಕ್ಷರ ಮೊದಲು ಡ್ರೆಸ್ಡೆನ್‌ಗೆ ಸೇರಿತ್ತು. 1887ರಲ್ಲಿ ಅಲ್ಲಿನ ಟಂಕಸಾಲೆ ಮುಲ್ಡೆನ್‌ಹ್ಯೂಟನ್‌ಗೆ ಸ್ಥಳಾಂತರವಾದಾಗ ಅಕ್ಷರವೂ ಜೊತೆಗೇ ಹೋಯಿತು.

ಇಲ್ಲೊಂದು ಸರಳವಾದ ಜರಡಿ ಇದೆ. ಹ್ಯಾನೋವರ್‌ನ ‘ಬಿ’ 1878ರಲ್ಲಿ, ಫ್ರಾಂಕ್‌ಫರ್ಟ್‌ನ ‘ಸಿ’ 1879ರಲ್ಲಿ, ಡಾರ್ಮ್‌ಸ್ಟಾಟ್‌ನ ‘ಎಚ್’ 1882ರಲ್ಲಿ ಕೊನೆಗೊಂಡವು. ಆದ್ದರಿಂದ 1908ರ ನಾಣ್ಯದ ಮೇಲೆ ಈ ಮೂರರಲ್ಲಿ ಯಾವುದಾದರೂ ಕಂಡರೆ, ಅದನ್ನು ತಯಾರಿಸಿದವರಿಗೆ ಜರ್ಮನಿಯ ಇತಿಹಾಸ ತಿಳಿದಿರಲಿಲ್ಲವೆಂದೇ ಅರ್ಥ, ಮುಂದಿನ ಪರೀಕ್ಷೆಯ ಶ್ರಮವೂ ಬೇಕಿಲ್ಲ. ಆದರೆ ಅಕ್ಷರವೇ ಇಲ್ಲದಿದ್ದರೆ ನಾಣ್ಯವನ್ನು ತಿರಸ್ಕರಿಸಬೇಡಿ; ಮಾದರಿಗಳಲ್ಲಿ ಟಂಕಸಾಲೆಯ ಗುರುತು ಇರಲೇಬೇಕೆಂಬ ನಿಯಮವಿಲ್ಲ.

‘ಪ್ರೋಬೆ’ ಎಂಬ ಪದ ನಾಣ್ಯದ ಮೇಲೆ ಇದೆಯೇ ಎಂದು ಬಹಳ ಜನ ಮೊದಲು ನೋಡುತ್ತಾರೆ. ಆ ಪದಕ್ಕೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ. ಅಧಿಕೃತ ಮಾದರಿಯ ಮೇಲೆ ಅದು ಇರಬೇಕೆಂದಿಲ್ಲ, ಮತ್ತು ಸಾಮಾನ್ಯ ನಾಣ್ಯದ ಖಾಲಿ ಜಾಗದಲ್ಲಿ ಐದು ಅಕ್ಷರಗಳನ್ನು ಒತ್ತಿಬಿಡುವುದು ಕಷ್ಟದ ಕೆಲಸವೇನಲ್ಲ. ಪದ ಇದ್ದರೆ, ಅಕ್ಷರಗಳು ನಾಣ್ಯದ ಉಳಿದ ಬರಹದಂತೆ ಉಬ್ಬಿವೆಯೇ ಅಥವಾ ಒಳಗೆ ತಗ್ಗಿವೆಯೇ, ತಗ್ಗಿದ್ದರೆ ಹಿಂಬದಿಯಲ್ಲಿ ಅದೇ ಜಾಗ ಚಪ್ಪಟೆಯಾಗಿದೆಯೇ ಎಂದು ನೋಡಿ. ಟಂಕಸಾಲೆಯಿಂದ ಹೊರಬಂದ ಮೇಲೆ ಒತ್ತಿದ ಗುರುತಾದರೆ ಹಿಂಬದಿಯಲ್ಲಿ ಅದರ ಪೆಟ್ಟು ಕಾಣುವ ಸಂಭವ ಹೆಚ್ಚು.

ಹಂತ 3: ಚಲಾವಣೆಯ ನಾಣ್ಯದೊಂದಿಗೆ ಹೋಲಿಸಿ

ಚಲಾವಣೆಯ 25 ಫೆನ್ನಿಗ್‌ನ ಒಂದು ಬದಿಯಲ್ಲಿ ಸಾಮ್ರಾಜ್ಯದ ಹದ್ದು, ಇನ್ನೊಂದು ಬದಿಯಲ್ಲಿ ಧಾನ್ಯದ ತೆನೆಗಳ ಮಾಲೆಯೊಳಗೆ 25 ಎಂಬ ಅಂಕಿ. ಅಗಲ 23 ಮಿಲಿಮೀಟರ್, ತೂಕ 4 ಗ್ರಾಂ, ಲೋಹ ಶುದ್ಧ ನಿಕಲ್, ಅಂಚು ನುಣುಪು. ಸಂಗ್ರಾಹಕರು ಇದನ್ನು ‘ಯೇಗರ್ 18’ ಎಂದು ಕರೆಯುತ್ತಾರೆ. ಕುರ್ಟ್ ಯೇಗರ್ ಎಂಬವರು 1871ರ ನಂತರದ ಜರ್ಮನ್ ನಾಣ್ಯಗಳಿಗೆ ಕೊಟ್ಟ ಕ್ರಮಸಂಖ್ಯೆ ಅದು. ಜರ್ಮನಿಯಲ್ಲಿ ವ್ಯಾಪಾರವೆಲ್ಲ ಈ ಸಂಖ್ಯೆಗಳಲ್ಲಿಯೇ ನಡೆಯುತ್ತದೆ. ಸಾಧ್ಯವಾದರೆ ಒಂದು ಸಾಮಾನ್ಯ 25 ಫೆನ್ನಿಗ್ ಅನ್ನು ಹೋಲಿಕೆಗೆಂದೇ ಕೊಂಡಿಟ್ಟುಕೊಳ್ಳಿ. ಸಾಧಾರಣ ಸ್ಥಿತಿಯದ್ದು ದುಬಾರಿಯಲ್ಲ, ಮತ್ತು ನೂರು ಫೋಟೋಗಳಿಗಿಂತ ಕೈಯಲ್ಲಿರುವ ಒಂದು ಅಸಲಿ ನಾಣ್ಯ ಹೆಚ್ಚು ಕಲಿಸುತ್ತದೆ.

ನಿಮ್ಮ ನಾಣ್ಯದ ವಿನ್ಯಾಸ ಇದಕ್ಕಿಂತ ಬೇರೆಯಾಗಿದ್ದರೆ ಅದು ಮಾದರಿಯಾಗಿರುವ ಸಾಧ್ಯತೆ ತೆರೆದುಕೊಳ್ಳುತ್ತದೆ. ವಿನ್ಯಾಸ ಹೂಬೇಹೂಬು ಇದೇ ಆಗಿದ್ದು ಇಸವಿ ಮಾತ್ರ 1908 ಆಗಿದ್ದರೆ, ಎಚ್ಚರಿಕೆಯನ್ನು ಇಮ್ಮಡಿಸಿಕೊಳ್ಳಿ. 1909ರ ಕೊನೆಯ ಒಂಬತ್ತನ್ನು ಎಂಟಾಗಿಸಲು ಕೆಳಗಿನ ಎಡಭಾಗದ ತೆರೆದ ಬಾಯಿಯನ್ನು ಮುಚ್ಚಿದರೆ ಸಾಕು. ಭೂತಗನ್ನಡಿಯಲ್ಲಿ ಆ ಅಂಕಿಯನ್ನು ನೋಡುವಾಗ ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ, ನಾಣ್ಯದ ಮಟ್ಟಕ್ಕೆ ತಗ್ಗಿಸಿ ಬೆಳಕು ಓರೆಯಾಗಿ ಬೀಳುವಂತೆ ಮಾಡಿ. ಅಸಲಿ ಎಂಟಿನ ಎರಡೂ ಸುತ್ತುಗಳು ಒಂದೇ ಎತ್ತರಕ್ಕೆ ಎದ್ದಿರುತ್ತವೆ, ಬುಡದಲ್ಲಿ ಲೋಹ ಸಮತಲದಿಂದ ಒಂದೇ ಹರಿವಿನಲ್ಲಿ ಮೇಲೇರಿರುತ್ತದೆ. ಸೇರಿಸಿದ ತುಂಡಾದರೆ ಬುಡದ ಸುತ್ತ ಒಂದು ನೆರಳಿನ ಗೆರೆ, ಸುತ್ತಲಿನ ಸಮತಲದಲ್ಲಿ ಉಜ್ಜಿದ ಹೊಳಪು, ಅಥವಾ ಹಿಂದಿನ ಮೂರು ಅಂಕಿಗಳಿಗಿಂತ ಬೇರೆ ದಪ್ಪ ಕಾಣುತ್ತದೆ.

ಜೊತೆಗೇ ಎರಡೂ ಬದಿಗಳ ದಿಕ್ಕನ್ನೂ ನೋಡಿಕೊಳ್ಳಿ. ನಾಣ್ಯವನ್ನು ಎರಡು ಬೆರಳಲ್ಲಿ ನೆಟ್ಟಗೆ ಹಿಡಿದು ಪುಸ್ತಕದ ಹಾಳೆ ತಿರುವಿದಂತೆ ಎಡಬಲಕ್ಕೆ ತಿರುಗಿಸಿದಾಗ ಹಿಂಬದಿಯ ಚಿತ್ರವೂ ನೆಟ್ಟಗೆ ನಿಲ್ಲಬೇಕು. ಈ ಸಾಮ್ರಾಜ್ಯದ ನಾಣ್ಯಗಳ ವಾಡಿಕೆ ಅದು. ತಲೆಕೆಳಗಾಗಿದ್ದರೆ ಅದೊಂದೇ ನಕಲಿ ಎಂಬುದಕ್ಕೆ ಸಾಕ್ಷಿಯಲ್ಲ, ಆದರೆ ಪಟ್ಟಿಯಲ್ಲಿ ಬರೆದುಕೊಳ್ಳಬೇಕಾದ ಅಂಶ.

ಹಂತ 4: ತೂಗಿ, ಅಳೆಯಿರಿ

ತೂಗುವ ಮೊದಲು ಫ್ಯಾನ್ ಆರಿಸಿ. ಹಾಸ್ಯಕ್ಕೆ ಹೇಳುತ್ತಿಲ್ಲ, ನಾನು ಮೊದಲ ಸಲ ತೂಗಿದ 25 ಫೆನ್ನಿಗ್ ಒಂದು ಸಲ ಒಂದು ತೂಕ, ಮರುಕ್ಷಣ ಇನ್ನೊಂದು ತೂಕ ತೋರಿಸಿ, ಅಸಲಿ ನಾಣ್ಯವನ್ನೇ ಎರಡು ದಿನ ಅನುಮಾನಿಸುವಂತೆ ಮಾಡಿತ್ತು. ತಕ್ಕಡಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ತಿಳಿದ ತೂಕದ ಕಲ್ಲಿನಿಂದ ಸರಿಯಾಗಿದೆಯೇ ನೋಡಿ, ಮೂರು ಸಲ ತೂಗಿ ಸರಾಸರಿ ತೆಗೆಯಿರಿ. ಅಗಲವನ್ನು ಅಳೆಯುವಾಗ ಕ್ಯಾಲಿಪರ್‌ನ ಉಕ್ಕಿನ ದವಡೆಗಳಿಗೂ ನಾಣ್ಯಕ್ಕೂ ನಡುವೆ ತೆಳುವಾದ ಕಾಗದವಿಟ್ಟು, ಆಮೇಲೆ ಕಾಗದದ ದಪ್ಪವನ್ನು ಕಳೆಯಿರಿ.

ಬಹಳ ಜನ ಎಡವುವುದು ಇಲ್ಲಿ: ಚಲಾವಣೆಯ ನಾಣ್ಯದ ತೂಕಕ್ಕೆ ಕಾನೂನಿನ ಕಟ್ಟುಪಾಡಿದೆ, ಮಾದರಿಗೆ ಇಲ್ಲ. ಬೇರೆ ದಪ್ಪದ ಬಿಲ್ಲೆ (ಅಚ್ಚು ಬೀಳುವ ಮೊದಲಿನ ಖಾಲಿ ಲೋಹದ ತಟ್ಟೆಯನ್ನು ಬಿಲ್ಲೆ ಎನ್ನುತ್ತೇನೆ) ಹೇಗೆ ಕಾಣುತ್ತದೆಂದು ನೋಡುವುದೇ ಕೆಲವು ಮಾದರಿಗಳ ಉದ್ದೇಶ. ಹಾಗಾಗಿ 4 ಗ್ರಾಂಗಿಂತ ಭಿನ್ನವಾದ ತೂಕ ಬಂದೊಡನೆ ನಾಣ್ಯವನ್ನು ನಕಲಿಯೆಂದು ಎಸೆಯಬೇಡಿ. ಆ ನಿರ್ದಿಷ್ಟ ಮಾದರಿಗೆ ಕ್ಯಾಟಲಾಗು ಕೊಡುವ ತೂಕದೊಂದಿಗೆ ಹೋಲಿಸಿ. ಅದೇ ರೀತಿ 4 ಗ್ರಾಂ ಸರಿಯಾಗಿ ತೂಗಿದ ಮಾತ್ರಕ್ಕೆ ಅಸಲಿಯೆಂದು ಕುಣಿಯಲೂಬೇಡಿ.

ಹಂತ 5: ಅಯಸ್ಕಾಂತ ಮತ್ತು ನೀರು

ಈ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಮಾಡಬೇಕು, ಏಕೆಂದರೆ ಒಂದರ ಕುರುಡನ್ನು ಇನ್ನೊಂದು ತುಂಬುತ್ತದೆ.

ಶುದ್ಧ ನಿಕಲ್ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ತಾಮ್ರ ಮತ್ತು ನಿಕಲ್‌ನ ಮಿಶ್ರಲೋಹ (ಆ ಕಾಲದ 5 ಮತ್ತು 10 ಫೆನ್ನಿಗ್ ನಾಣ್ಯಗಳದ್ದು) ನೋಡಲು ಅದೇ ಬೂದುಬಿಳುಪಾದರೂ ಅಂಟಿಕೊಳ್ಳುವುದಿಲ್ಲ. ಆದ್ದರಿಂದ ನಿಕಲ್ ಎಂದು ಮಾರುವ ನಾಣ್ಯ ಅಯಸ್ಕಾಂತಕ್ಕೆ ಜಗ್ಗದಿದ್ದರೆ ಅದು ನಿಕಲ್ ಅಲ್ಲ. ಆದರೆ ಅಂಟಿಕೊಂಡರೆ ನಿಕಲ್ ಎಂದು ತೀರ್ಮಾನಿಸುವಂತಿಲ್ಲ. ಕಬ್ಬಿಣಕ್ಕೆ ನಿಕಲ್‌ನ ಮುಲಾಮು (ತೆಳುವಾದ ಲೋಹದ ಲೇಪ) ಹಾಕಿದ್ದೂ ಅಂಟಿಕೊಳ್ಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನೆನಪಿಸುವ ಈ ಜಾಗದಲ್ಲಿ ನೀರಿನ ಪರೀಕ್ಷೆ ಬೇಕಾಗುತ್ತದೆ. ಅಯಸ್ಕಾಂತವನ್ನು ನಾಣ್ಯಕ್ಕೆ ‘ಟಕ್’ ಎಂದು ಬಡಿಸಬೇಡಿ, ನಡುವೆ ತೆಳುವಾದ ಬಟ್ಟೆಯಿರಲಿ.

ನೀರಿನ ಪರೀಕ್ಷೆಯಲ್ಲಿ ಕಂಡುಹಿಡಿಯುವುದು ಲೋಹದ ಸಾಂದ್ರತೆ, ಅಂದರೆ ಅದೇ ಗಾತ್ರದ ನೀರಿಗಿಂತ ಲೋಹ ಎಷ್ಟು ಪಟ್ಟು ಭಾರ ಎಂಬುದು. ಮಾಡುವ ಬಗೆ ಹೀಗೆ. ಗಾಜಿನ ಲೋಟದಲ್ಲಿ ಮುಕ್ಕಾಲು ಭಾಗ ಡಿಸ್ಟಿಲ್ಡ್ ವಾಟರ್ ತುಂಬಿ ತಕ್ಕಡಿಯ ಮೇಲಿಟ್ಟು ತೋರಿಸುವ ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳುದಾರದ ಜೀರುಗುಣಿಕೆ ಹಾಕಿ ನಿಧಾನವಾಗಿ ನೀರಿನೊಳಗೆ ಇಳಿಸಿ. ಅದು ಪೂರ್ತಿ ಮುಳುಗಿರಬೇಕು, ಆದರೆ ಲೋಟದ ತಳವನ್ನಾಗಲಿ ಗೋಡೆಯನ್ನಾಗಲಿ ಮುಟ್ಟಬಾರದು. ಮೇಲ್ಮೈಗೆ ಅಂಟಿದ ಗಾಳಿಗುಳ್ಳೆಗಳಿದ್ದರೆ ದಾರವನ್ನು ಮೆಲ್ಲಗೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂಗಳು ನಾಣ್ಯ ತಳ್ಳಿದ ನೀರಿನ ತೂಕ. ನಾಣ್ಯದ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಲೆಕ್ಕವನ್ನು ಮಾಡಿಯೇ ನೋಡೋಣ. ನಾಣ್ಯ 4.00 ಗ್ರಾಂ ತೂಗಿತು, ನೀರಿನಲ್ಲಿ ತಕ್ಕಡಿ 0.45 ತೋರಿಸಿತು ಎನ್ನಿ. 4.00 ಅನ್ನು 0.45ರಿಂದ ಭಾಗಿಸಿದರೆ 8.9. ಇದು ನಿಕಲ್‌ನ ಸಾಂದ್ರತೆ. ತಕ್ಕಡಿ 0.51 ತೋರಿಸಿದರೆ ಉತ್ತರ 7.8ರ ಹತ್ತಿರ, ಅದು ಕಬ್ಬಿಣ. ತಕ್ಕಡಿಯ 0.01 ಗ್ರಾಂನ ಏರುಪೇರಿಗೆ ಉತ್ತರ 8.7ರಿಂದ 9.1ರವರೆಗೆ ಓಲಾಡಬಹುದು, ಆದರೆ ಕಬ್ಬಿಣದವರೆಗೆ ಇಳಿಯುವುದಿಲ್ಲ. ತಾಮ್ರ-ನಿಕಲ್ ಮಿಶ್ರಲೋಹದ ಸಾಂದ್ರತೆಯೂ 8.9ರಷ್ಟೇ ಇರುವುದರಿಂದ ನೀರು ಅದನ್ನು ಹಿಡಿಯಲಾರದು; ಅದನ್ನು ಆಗಲೇ ಅಯಸ್ಕಾಂತ ಹಿಡಿದಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ.

ಇತರ ಲೋಹಗಳ ಮಾದರಿಗಳಿಗೆ ನೆನಪಿಡಬೇಕಾದ ಅಂಕಿಗಳು: ಶೇಕಡಾ 90 ಬೆಳ್ಳಿಗೆ 10.3, ಅರ್ಧ ಬೆಳ್ಳಿ ಅರ್ಧ ತಾಮ್ರಕ್ಕೆ ಸುಮಾರು 9.6, ತಾಮ್ರಕ್ಕೆ 8.96, ಅಲ್ಯೂಮಿನಿಯಂಗೆ 2.7. ಹೊರತೆಗೆದ ನಾಣ್ಯವನ್ನು ಉಜ್ಜದೆ, ಮೆತ್ತನೆಯ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ನೀರು ಹೀರಿಸಿ. ಕನ್ನಡಿಯಂತೆ ಹೊಳೆಯುವ ಮೇಲ್ಮೈಯ ನಾಣ್ಯವನ್ನೂ ಕಬ್ಬಿಣದ ಮಾದರಿಯನ್ನೂ ನೀರಿಗಿಳಿಸಬೇಡಿ. ಮಾರುವವರ ನಾಣ್ಯವಾದರೆ ಅವರ ಅನುಮತಿಯಿಲ್ಲದೆ ಈ ಪರೀಕ್ಷೆ ಮಾಡುವುದು ಸಭ್ಯತೆಯಲ್ಲ.

ಹಂತ 6: ಅಂಚು ಮತ್ತು ಮೇಲ್ಮೈ

ನಕಲು ಮಾಡುವವರು ಮುಖಗಳಿಗೆ ಪಟ್ಟ ಶ್ರಮವನ್ನು ಅಂಚಿಗೆ ಪಡುವುದಿಲ್ಲ. ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ಗೆರೆ ಓಡಿದ್ದರೆ, ಅಥವಾ ಅಂತಹ ಗೆರೆಯನ್ನು ಅರದಿಂದ ಉಜ್ಜಿದ ಗುರುತಿದ್ದರೆ, ಅದು ಎರಡು ಹೋಳುಗಳ ಅಚ್ಚಿನಲ್ಲಿ ಲೋಹ ಸುರಿದು ಎರಕ ಹೊಯ್ದದ್ದು. ಎರಕದ ನಾಣ್ಯದಲ್ಲಿ ಅಕ್ಷರಗಳ ಮೂಲೆಗಳು ಸೋಪಿನಂತೆ ದುಂಡಗಾಗಿರುತ್ತವೆ, ಸಮತಲದಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಉಕ್ಕಿನ ಅಚ್ಚಿನಿಂದ ಒತ್ತಡದಲ್ಲಿ ಟಂಕಿಸಿದ ನಾಣ್ಯದಲ್ಲಿ ಅಕ್ಷರದ ಗೋಡೆಗಳು ಕಡಿದಾಗಿ ನಿಂತಿರುತ್ತವೆ. ಬೆಳ್ಳಿಯ ದೊಡ್ಡ ಮಾದರಿಗಳಲ್ಲಿ ಅಂಚಿನ ಬರಹವನ್ನೂ ಓದಬೇಕು: ಸಾಮ್ರಾಜ್ಯದ 3 ಮತ್ತು 5 ಮಾರ್ಕ್ ನಾಣ್ಯಗಳಲ್ಲಿ ‘ಗಾಟ್ ಮಿಟ್ ಉನ್ಸ್’, ಅಂದರೆ ದೇವರು ನಮ್ಮ ಜೊತೆ, ಎಂಬ ಮಾತಿರುತ್ತದೆ. ಮಾದರಿಗಳಲ್ಲಿ ನುಣುಪಾದ ಅಂಚೂ ಕಂಡುಬರುತ್ತದೆ, ಆದ್ದರಿಂದ ಇಲ್ಲಿಯೂ ಕ್ಯಾಟಲಾಗಿನ ವಿವರಣೆಯೇ ಕೊನೆಯ ಮಾತು.

ಹಂತ 7: ಯಾವ ಜಾತಿಯ ಪ್ರೋಬೆ ಎಂದು ಗುರುತಿಸಿ

ಅಸಲಿ, ನಕಲಿ ಎಂಬ ಎರಡೇ ಪೆಟ್ಟಿಗೆಗಳಿವೆ ಎಂದುಕೊಂಡು ಕೈ ಸುಟ್ಟುಕೊಂಡವರು ಬಹಳ. ನಿಜಕ್ಕೂ ಪೆಟ್ಟಿಗೆಗಳು ಹೆಚ್ಚಿವೆ, ಮತ್ತು ಬೆಲೆಯ ವ್ಯತ್ಯಾಸವೆಲ್ಲ ಅವುಗಳ ನಡುವೆಯೇ ಇದೆ.

ಸರ್ಕಾರಿ ಟಂಕಸಾಲೆಯು ಹೊಸ ನಾಣ್ಯಕ್ಕಾಗಿ ಮಾಡಿದ್ದು ಅಧಿಕೃತ ಮಾದರಿ. ನಿಗದಿತ ಅಚ್ಚಿನಿಂದಲೇ ಬೇರೆ ಲೋಹದ ಬಿಲ್ಲೆಯ ಮೇಲೆ ಹೊಡೆದದ್ದಕ್ಕೆ ಜರ್ಮನ್ನರು ‘ಆಬ್‌ಶ್ಲಾಗ್’ ಎನ್ನುತ್ತಾರೆ, ಮಾಮೂಲಿಗಿಂತ ದಪ್ಪದ ಬಿಲ್ಲೆಯಾದರೆ ‘ಡಿಕ್‌ಆಬ್‌ಶ್ಲಾಗ್’. ಚಿನ್ನದ ಆಬ್‌ಶ್ಲಾಗ್ ಎಂದು ಯಾರಾದರೂ ಸಾಮಾನ್ಯ ನಾಣ್ಯಕ್ಕೆ ಮುಲಾಮು ಹಾಕಿ ಕೊಟ್ಟರೆ ತಕ್ಕಡಿಯೊಂದೇ ಅದನ್ನು ಬಯಲುಮಾಡುತ್ತದೆ: ಅದೇ ಗಾತ್ರದ ಚಿನ್ನ ನಿಕಲ್‌ನ ಎರಡು ಪಟ್ಟಿನ ಸುತ್ತಮುತ್ತ ತೂಗಬೇಕು.

ಮೂರನೆಯದು ಖಾಸಗಿ ಮಾದರಿ, ‘ಪ್ರಿವಾಟ್‌ಪ್ರೋಬೆ’. ಪದಕ ಶಿಲ್ಪಿಗಳು ತಮ್ಮ ವಿನ್ಯಾಸ ಸರ್ಕಾರಕ್ಕೆ ಹಿಡಿಸೀತೆಂಬ ಆಸೆಯಿಂದಲೋ, ಸಂಗ್ರಾಹಕರಿಗೆ ಮಾರಲೆಂದೋ ನಾಣ್ಯದ ರೂಪದಲ್ಲಿ ಮಾಡಿದವು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಕಾರ್ಲ್ ಗೋಟ್ಸ್ ಅವರವು. ಆಗ್ಸ್‌ಬರ್ಗ್‌ನಲ್ಲಿ 1875ರಲ್ಲಿ ಹುಟ್ಟಿ, ಮ್ಯೂನಿಕ್‌ನಲ್ಲಿ ಕೆಲಸ ಮಾಡಿ, 1950ರಲ್ಲಿ ತೀರಿಕೊಂಡ ಈ ಶಿಲ್ಪಿ ಸಾಮ್ರಾಜ್ಯದ ಕೊನೆಯ ವರ್ಷಗಳ ಮತ್ತು ಅದರ ನಂತರ ಬಂದ ವೈಮರ್ ಗಣರಾಜ್ಯದ ನಾಣ್ಯಗಳಿಗೆ ಹಲವು ಮಾದರಿಗಳನ್ನು ಮಾಡಿದರು. ಶಿಲ್ಪವಾಗಿ ಅವು ಆಯ್ಕೆಯಾದ ನಾಣ್ಯಗಳಿಗಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ, ಆದರೆ ಅವನ್ನು ಅಧಿಕೃತ ಮಾದರಿಯ ಬೆಲೆಗೆ ಕೊಳ್ಳಬಾರದು. ಗೋಟ್ಸ್ ಅವರ ಕೃತಿಗಳಿಗೆ ಕೀನಾಸ್ಟ್ ಎಂಬವರ ಪ್ರತ್ಯೇಕ ಕ್ರಮಸಂಖ್ಯೆಯಿದೆ; ಹರಾಜಿನ ಪಟ್ಟಿಯಲ್ಲಿ ಆ ಹೆಸರು ಕಂಡರೆ ವಸ್ತು ಗೋಟ್ಸ್ ಅವರದ್ದೆಂದು ತಿಳಿಯಿರಿ. ಅವರ ಕೃತಿಗಳ ನಕಲು ಹೊಸ ಕಾಲದ ರೋಗವೂ ಅಲ್ಲ: ಲೂಸಿಟಾನಿಯಾ ಹಡಗು ಮುಳುಗಿದ್ದರ ಬಗ್ಗೆ ಅವರು ಮಾಡಿದ ಪದಕವನ್ನು ಮೊದಲ ಮಹಾಯುದ್ಧದ ಕಾಲದಲ್ಲಿಯೇ ಬ್ರಿಟನ್ನಿನಲ್ಲಿ ಪ್ರಚಾರಕ್ಕಾಗಿ ಲಕ್ಷಗಟ್ಟಲೆ ನಕಲು ಮಾಡಲಾಗಿತ್ತು.

ನಾಲ್ಕನೆಯದು ‘ನಾಖ್‌ಪ್ರೇಗುಂಗ್’, ಅಂದರೆ ಹಳೆಯ ಇಸವಿಯನ್ನೇ ಇಟ್ಟುಕೊಂಡು ಬಹಳ ಕಾಲದ ನಂತರ ಮತ್ತೆ ಟಂಕಿಸಿದ್ದು. ಇದರಲ್ಲಿ ಮೂಲ ಅಚ್ಚು ಬಳಸಿದ್ದೂ ಇದೆ, ಹೊಸ ಅಚ್ಚಿನದ್ದೂ ಇದೆ. ವಿವರಣೆಯಲ್ಲಿ ‘ನೊಯ್‌ಪ್ರೇಗುಂಗ್’ ಎಂದಿದ್ದರೂ ಸರಿಸುಮಾರು ಇದೇ ಎಚ್ಚರಿಕೆ ಸಾಕು. ಐದನೆಯದು ಯಾವ ಕಾಲದಲ್ಲೂ ಪ್ರಸ್ತಾಪವೇ ಆಗದಿದ್ದ ಕಲ್ಪನೆಯ ನಾಣ್ಯ. ಆರನೆಯದು ‘ಫೆಲ್ಶುಂಗ್’, ಮೋಸಕ್ಕಾಗಿಯೇ ಮಾಡಿದ ಖೋಟಾ.

ಹಂತ 8: ಕ್ಯಾಟಲಾಗಿನಲ್ಲಿ ಜಾಗ ಹುಡುಕಿ

ಜರ್ಮನ್ ಮಾದರಿಗಳಿಗೆ ಮುಖ್ಯವಾದ ಆಕರ ಶಾಫ್ ಎಂಬವರ ಪಟ್ಟಿ. ಅಲ್ಲಿನ ಕ್ರಮ ಯೇಗರ್ ಸಂಖ್ಯೆಯನ್ನೇ ಹಿಂಬಾಲಿಸುತ್ತದೆ, ಆದ್ದರಿಂದ 25 ಫೆನ್ನಿಗ್‌ನ ಮಾದರಿಗಳು 18ರ ಅಡಿಯಲ್ಲಿ ಸಿಗುತ್ತವೆ. ಹರಾಜಿನ ಪಟ್ಟಿಯಲ್ಲಿ ‘ತ್ಸು ಯೇಗರ್ 18’ ಎಂದಿದ್ದರೆ ‘18ಕ್ಕೆ ಸಂಬಂಧಿಸಿದ ಮಾದರಿ’ ಎಂದರ್ಥ, ಅದು 18ನೆಯ ನಾಣ್ಯವೇ ಅಲ್ಲ. ಈ ಎರಡಕ್ಷರದ ‘ತ್ಸು’ ಕಣ್ತಪ್ಪಿ ಹೋದರೆ ಅರ್ಥವೇ ಬದಲಾಗುತ್ತದೆ. ಪುಸ್ತಕ ಕೈಗೆ ಸಿಗದವರು ಬರ್ಲಿನ್‌ನ ಬೋಡೆ ಮ್ಯೂಸಿಯಂನಲ್ಲಿರುವ ನಾಣ್ಯ ಸಂಗ್ರಹದ ಆನ್‌ಲೈನ್ ಪಟ್ಟಿಯನ್ನೂ, ದೊಡ್ಡ ಜರ್ಮನ್ ಹರಾಜು ಸಂಸ್ಥೆಗಳ ಹಳೆಯ ಹರಾಜುಗಳ ದಾಖಲೆಗಳನ್ನೂ ನೋಡಬಹುದು.

ಸ್ಥಿತಿಯ ಗುರುತುಗಳಲ್ಲಿ ಒಂದು ತಮಾಷೆಯ ಬಲೆ ಇದೆ. ಜರ್ಮನ್‌ನಲ್ಲಿ ‘ಶೋನ್’ ಎಂದರೆ ಸುಂದರ. ಆದರೆ ನಾಣ್ಯದ ಸ್ಥಿತಿ ‘ಶೋನ್’ ಎಂದಿದ್ದರೆ ಅದು ಚೆನ್ನಾಗಿ ಸವೆದದ್ದು. ‘ಜೇರ್ ಶೋನ್’, ಬಹಳ ಸುಂದರ, ಎಂಬುದು ಮಧ್ಯಮ ಸ್ಥಿತಿ. ‘ಫೋರ್ತ್ಸ್ಯೂಗ್ಲಿಖ್’ ಎಂಬಲ್ಲಿಂದ ಒಳ್ಳೆಯ ಸ್ಥಿತಿ ಆರಂಭ, ‘ಸ್ಟೆಂಪೆಲ್‌ಗ್ಲಾನ್ಸ್’ ಅಚ್ಚಿನಿಂದ ಹೊರಬಂದ ಹೊಳಪು, ‘ಪೋಲಿಯರ್ಟೆ ಪ್ಲಾಟೆ’ ಎಂದರೆ ಕನ್ನಡಿಯಂತೆ ಉಜ್ಜಿದ ಬಿಲ್ಲೆಯ ಮೇಲೆ ಟಂಕಿಸಿದ್ದು. ಮಾದರಿಗಳು ಸಂತೆಯಲ್ಲಿ ಚಲಾವಣೆಯಾಗಿ ಸವೆಯುವ ಪ್ರಸಂಗ ಕಡಿಮೆ. ಆದ್ದರಿಂದ ಮುಖ ಸವೆದ ‘ಪ್ರೋಬೆ’ ಕಂಡರೆ ಯಾಕೆ ಸವೆಯಿತು ಎಂದು ಕೇಳುವುದು ತಪ್ಪಲ್ಲ.

ಹಂತ 9: ಕೊಳ್ಳುವುದು

ಈ ನಾಣ್ಯ ಹಿಂದೆ ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಿನಲ್ಲಿ ಮಾರಾಟವಾಗಿತ್ತು ಎಂಬ ಜಾಡನ್ನು ಮಾರುವವರಿಂದ ಬರವಣಿಗೆಯಲ್ಲಿ ಕೇಳಿ. ಹಳೆಯ ಹರಾಜಿನ ಫೋಟೋದಲ್ಲಿರುವ ಒಂದು ಗೀರೋ ಕಲೆಯೋ ನಿಮ್ಮ ಕೈಯಲ್ಲಿರುವ ನಾಣ್ಯದ ಅದೇ ಜಾಗದಲ್ಲಿದ್ದರೆ, ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಇಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿ ದರ್ಜೆ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆಗಳ ನಾಣ್ಯವಾದರೆ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಫೋಟೋ ತಾಳೆ ನೋಡಿ. ಪೆಟ್ಟಿಗೆಯನ್ನೂ ನಕಲು ಮಾಡುವ ಕಾಲ ಇದು.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ‘ಔಫ್‌ಗೆಲ್ಟ್’ ಎಂಬ ಕೊಳ್ಳುವವರ ಶುಲ್ಕ ಇರುತ್ತದೆ. ಸಾಮಾನ್ಯವಾಗಿ ಅದು ಶೇಕಡಾ 20ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಅದರ ಮೇಲೆ ಅಂಚೆ, ವಿಮೆ, ಭಾರತಕ್ಕೆ ಬರುವುದಾದರೆ ಕಸ್ಟಮ್ಸ್ ಸುಂಕ ಮತ್ತು ತೆರಿಗೆ. ಎಲ್ಲವನ್ನೂ ಕೂಡಿಸಿದ ಮೊತ್ತವೇ ನಿಮ್ಮ ಮಿತಿಯಾಗಿರಲಿ. ಸುಂಕ ಉಳಿಸಲು ‘ಉಡುಗೊರೆ’ ಎಂದೋ ‘ಟೋಕನ್’ ಎಂದೋ ಬರೆದು ಕಳಿಸುವ ಮಾರಾಟಗಾರರಿದ್ದಾರೆ. ಒಪ್ಪಬೇಡಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ನಾಣ್ಯ ಮಾತ್ರವಲ್ಲ, ಕಳೆದುಹೋದರೆ ವಿಮೆಯ ಹಣವೂ ಕೈತಪ್ಪುತ್ತದೆ.

ಹಂತ 10: ಗಡಿ ದಾಟಿಸುವ ಮುನ್ನ

ಇದನ್ನು ನಮ್ಮ ಸಂಗ್ರಾಹಕರಲ್ಲಿ ಹೆಚ್ಚಿನವರು ಗಮನಿಸಿಲ್ಲ. ಭಾರತದ 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷಗಳಷ್ಟು ಹಳೆಯದಾದ ನಾಣ್ಯ ಪ್ರಾಚೀನ ವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ, ಮತ್ತು ಪ್ರಾಚೀನ ವಸ್ತುವನ್ನು ಖಾಸಗಿ ವ್ಯಕ್ತಿ ತಾನಾಗಿ ದೇಶದ ಹೊರಗೆ ಕಳಿಸುವಂತಿಲ್ಲ. ನಾಣ್ಯ ಯಾವ ದೇಶದ್ದು ಎಂಬ ಭೇದವನ್ನು ಆ ವ್ಯಾಖ್ಯೆ ಮಾಡುವುದಿಲ್ಲ. 1908ರ ಮಾದರಿ ಈ ಮಿತಿಯನ್ನು ಎಂದೋ ದಾಟಿದೆ. ಅಂದರೆ ಅದನ್ನು ಬೆಂಗಳೂರಿಗೆ ತಂದ ಮೇಲೆ ದರ್ಜೆಗಾಗಿ ಅಮೆರಿಕಕ್ಕೋ, ಮಾರಾಟಕ್ಕಾಗಿ ಜರ್ಮನಿಗೋ ಲಕೋಟೆಯಲ್ಲಿ ಹಾಕಿ ಕಳಿಸಿಬಿಡುತ್ತೇನೆ ಎನ್ನುವಂತಿಲ್ಲ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಬೇಕು. ಆದ್ದರಿಂದ ನನ್ನ ಸಲಹೆ: ತಜ್ಞರ ಅಭಿಪ್ರಾಯ, ದರ್ಜೆ, ಏನೇ ಬೇಕಿದ್ದರೂ ನಾಣ್ಯ ಹೊರಗಿರುವಾಗಲೇ ಮುಗಿಸಿಕೊಳ್ಳಿ. ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗರು ಮುಂದೆ ಮಾರುವ ಯೋಚನೆಯಿದ್ದರೆ ಅದನ್ನು ಅಲ್ಲಿಯೇ ಇಟ್ಟುಕೊಳ್ಳುವುದು ಜಾಣತನ. ಕೊಂಡ ರಸೀದಿ ಮತ್ತು ಕಸ್ಟಮ್ಸ್ ಕಾಗದಗಳನ್ನು ಎಂದಿಗೂ ಎಸೆಯಬೇಡಿ.

ಹಂತ 11: ಇಡುವುದು

ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮುಗಳು ಕೆಲವು ವರ್ಷಗಳಲ್ಲಿ ಜಿಗುಟಾಗಿ ನಾಣ್ಯದ ಮೇಲೆ ಹಸಿರು ಪದರ ಬಿಡುತ್ತವೆ. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿ ಅಥವಾ ನಾಣ್ಯಕ್ಕೆಂದೇ ಮಾಡಿದ ರಟ್ಟಿನ ಚೌಕಟ್ಟು ಬಳಸಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಅದು ತೇವ ಹೀರಿ ಬಣ್ಣ ಬದಲಾದಾಗಲೆಲ್ಲ ಹೊಸದು ಹಾಕಬೇಕು. ಡಬ್ಬಿಯ ಜೊತೆಗೆ ಒಂದು ಚೀಟಿ ಇರಲಿ: ತೂಕ, ಅಗಲ, ಸಾಂದ್ರತೆ, ಅಯಸ್ಕಾಂತಕ್ಕೆ ಅಂಟಿತೇ ಇಲ್ಲವೇ, ಅಂಚಿನ ಬಗೆ, ಯೇಗರ್ ಮತ್ತು ಶಾಫ್ ಸಂಖ್ಯೆ, ಕೊಂಡ ದಿನಾಂಕ, ಕೊಟ್ಟ ಬೆಲೆ. ಪೆನ್ಸಿಲಿನಲ್ಲಿ ಬರೆಯಿರಿ, ಕರಾವಳಿಯ ತೇವಕ್ಕೆ ಪೆನ್ನಿನ ಶಾಯಿ ಹಬ್ಬುತ್ತದೆ.